ಆರು ಮೂಲೆಯ ಕೀ, ಒಂದು ದಿನದ ದುಡಿಮೆ

ಅಹಮದಾಬಾದಿನ ಪಶ್ಚಿಮಕ್ಕೆ, ಸರ್ಖೇಜ್–ಗಾಂಧಿನಗರ ಹೆದ್ದಾರಿಗೆ ಅಂಟಿಕೊಂಡಿರುವ ಬಡಾವಣೆ ಬೋಡಕ್‌ದೇವ್. ಜಡ್ಜಸ್ ಬಂಗ್ಲೋ ರಸ್ತೆ, ಸಿಂಧು ಭವನ ರಸ್ತೆ, ಗಾಜಿನ ಮುಖದ ಕಚೇರಿಗಳು, ಎತ್ತರದ ಫ್ಲ್ಯಾಟುಗಳು. 2016ರ ಮೇ 20ರಂದು ಈ ನಗರದ ಉಷ್ಣಾಂಶ 48 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಇಂಥ ಊರಿನಲ್ಲಿ ಬೇಸಿಗೆ ಬಂತೆಂದರೆ ಎಸಿ ಫಿಟ್ಟರ್‌ಗೆ ಊಟಕ್ಕೂ ಬಿಡುವಿರುವುದಿಲ್ಲ.

ಅವನ ಕೆಲಸದ ಕೊನೆಯ ಹಂತ ನೋಡಿ. ತಾಮ್ರದ ಪೈಪು ಜೋಡಿಸಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ, ತೇವ ತೆಗೆದಾದ ಮೇಲೆ ಹೊರಗಿನ ಯೂನಿಟ್ಟಿನ ವಾಲ್ವಿನ ಮುಚ್ಚಳ ಬಿಚ್ಚಿ, ಒಳಗಿರುವ ಆರು ಮೂಲೆಯ ಕುಳಿಗೆ ಅಲೆನ್ ಕೀ ಹಾಕಿ ಎಡಕ್ಕೆ ತಿರುಗಿಸಬೇಕು. ಆಗಲೇ ಗ್ಯಾಸು ಪೈಪಿಗೆ ಹರಿಯುವುದು. ಮನೆಯ ಸ್ಪ್ಲಿಟ್ ಎಸಿಗಳಲ್ಲಿ ಈ ಕುಳಿ ಹೆಚ್ಚಾಗಿ 5 ಮಿ.ಮೀ., ಕೆಲವದರಲ್ಲಿ 4. ಕುಳಿ ಇರುವುದು ಹಿತ್ತಾಳೆಯಲ್ಲಿ, ಕೀ ಗಟ್ಟಿ ಉಕ್ಕಿನದು. ಮೂಲೆ ಸವೆದ ಕೀ ಹಾಕಿ ಒತ್ತಿದರೆ ಸೋಲುವುದು ಹಿತ್ತಾಳೆಯೇ. ಕುಳಿ ಗುಂಡಾಯಿತೆಂದರೆ ವಾಲ್ವನ್ನು ತೆರೆಯಲೂ ಆಗದು, ಮುಚ್ಚಲೂ ಆಗದು. ಗ್ಯಾಸನ್ನು ಸಿಲಿಂಡರಿಗೆ ಇಳಿಸಿ, ಬೆಸುಗೆ ಬಿಚ್ಚಿ, ವಾಲ್ವನ್ನೇ ಬದಲಿಸಬೇಕು. ಎತ್ತರದ ಮಹಡಿಯ ಸಜ್ಜೆಯ ಮೇಲೆ, ಉರಿಬಿಸಿಲಿನಲ್ಲಿ, ಅದು ಒಬ್ಬನ ಇಡೀ ದಿನದ ಕೂಲಿಯನ್ನು ನುಂಗುತ್ತದೆ.

ಅಲೆನ್ ಕೀ ಸೆಟ್ಟಿನ ನಿಜವಾದ ಬೆಲೆ ಅಂಗಡಿಯ ಚೀಟಿಯಲ್ಲಿ ಬರೆದಿರುವುದಿಲ್ಲ. ಅದು ಉಳಿಸಿಕೊಡುವ ಬೋಲ್ಟು, ಉಳಿಸಿಕೊಡುವ ದಿನ, ಅವೇ ಅದರ ಬೆಲೆ. ಈ ಮಾತು ಬೋಡಕ್‌ದೇವ್‌ಗೆ ಎಷ್ಟು ಸಲ್ಲುತ್ತದೋ ಪೀಣ್ಯದ ಶೆಡ್ಡಿಗೂ, ದೊಡ್ಡಬಳ್ಳಾಪುರದ ಮಗ್ಗಕ್ಕೂ ಅಷ್ಟೇ ಸಲ್ಲುತ್ತದೆ.

ಗಿರಣಿಯ ಶಾಫ್ಟಿನಿಂದ ಬಂದ ಪಾಠ

ಅಹಮದಾಬಾದಿನ ಮೊದಲ ಬಟ್ಟೆ ಗಿರಣಿಯನ್ನು ರಣಛೋಡಲಾಲ್ ಛೋಟಾಲಾಲ್ 1861ರಲ್ಲಿ ಆರಂಭಿಸಿದರು. ಆ ಕಾಲದ ಗಿರಣಿಗಳಲ್ಲಿ ಯಂತ್ರಕ್ಕೊಂದು ಮೋಟಾರು ಇರಲಿಲ್ಲ. ಉಗಿ ಎಂಜಿನ್ನಿನ ಬಲ ಛಾವಣಿಯಡಿ ಹಾದ ಉದ್ದನೆಯ ಶಾಫ್ಟಿನ ಮೂಲಕ, ಪುಲ್ಲಿ–ಬೆಲ್ಟುಗಳ ಮೂಲಕ ಯಂತ್ರಗಳಿಗೆ ಇಳಿಯುತ್ತಿತ್ತು. ಪುಲ್ಲಿ ಜಾರದಂತೆ ಶಾಫ್ಟಿಗೆ ಬಿಗಿಯುವ ತಿರುಪಿಗೆ ಚೌಕನೆಯ ತಲೆ, ಅದೂ ಹೊರಗೆ ಚಾಚಿಕೊಂಡಿರುವ ತಲೆ. ತಿರುಗುವ ಶಾಫ್ಟಿನ ಮೇಲಿನ ಆ ಪುಟ್ಟ ತಲೆ ಬಟ್ಟೆಯ ಅಂಚನ್ನು ಹಿಡಿದರೆ ಮನುಷ್ಯನನ್ನೇ ಸುತ್ತಿ ಎಳೆದುಕೊಳ್ಳುತ್ತಿತ್ತು. ಜಗತ್ತಿನ ಕಾರ್ಖಾನೆಗಳಲ್ಲಿ ಹೀಗೆ ಕೈ ಕಳೆದುಕೊಂಡವರು, ಜೀವ ಕಳೆದುಕೊಂಡವರು ಬಹಳ.

ಇದಕ್ಕೆ ಪರಿಹಾರ ತಿರುಪಿನ ತಲೆಯನ್ನೇ ಇಲ್ಲವಾಗಿಸುವುದು. ಹಿಡಿತವನ್ನು ತಿರುಪಿನ ಒಳಗೇ ಆರು ಮೂಲೆಯ ಕುಳಿಯಾಗಿ ಕೊಟ್ಟರೆ ಹೊರಗೆ ಚಾಚುವುದೇನೂ ಉಳಿಯುವುದಿಲ್ಲ. ಅಮೆರಿಕದ ಹಾರ್ಟ್‌ಫರ್ಡಿನ ವಿಲಿಯಂ ಜಿ. ಅಲೆನ್ 1910ರಲ್ಲಿ ಇಂಥ ತಿರುಪುಗಳನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಸುರಕ್ಷಾ ತಿರುಪು ಎಂಬ ಹೆಸರಿನಲ್ಲೇ ಅದು ಮಾರಾಟವಾಯಿತು. ಭಾರತದ 1948ರ ಕಾರ್ಖಾನೆ ಕಾಯ್ದೆಯ 26ನೇ ಸೆಕ್ಷನ್ನು ಕೂಡ ಇದನ್ನೇ ಹೇಳಿತು: ಹೊಸದಾಗಿ ಹಾಕುವ ಯಂತ್ರಗಳಲ್ಲಿ, ತಿರುಗುವ ಶಾಫ್ಟು, ಚಕ್ರಗಳ ಮೇಲಿನ ತಿರುಪು, ಬೋಲ್ಟುಗಳು ಒಳಗೆ ಹುದುಗಿರಬೇಕು ಅಥವಾ ಮುಚ್ಚಿರಬೇಕು, ಅಪಾಯ ತರುವಂತಿರಬಾರದು. ಇಂದು ಸೂರತ್ತಿನ ಪವರ್‌ಲೂಮಿನ ಪುಲ್ಲಿಯಲ್ಲೂ, ರಬಕವಿ–ಬನಹಟ್ಟಿಯ ಮಗ್ಗದ ಗಿಯರಿನಲ್ಲೂ ಕಾಣುವ, ತಲೆಯಿಲ್ಲದ ಗ್ರಬ್ ಸ್ಕ್ರೂಗೆ ಹೀಗೊಂದು ನೋವಿನ ಹಿನ್ನೆಲೆ ಇದೆ. ಆ ಸ್ಕ್ರೂ ಬಿಚ್ಚಲಾಗದೆ ಅದರ ಜಾಗಕ್ಕೆ ಕೈಗೆ ಸಿಕ್ಕ ಉದ್ದ ಬೋಲ್ಟು ಹಾಕಿ ಮಗ್ಗ ಓಡಿಸುವವರು ನೂರು ವರ್ಷದ ಹಿಂದಿನ ಅಪಾಯವನ್ನು ಮತ್ತೆ ಕರೆದು ತಂದಂತೆ.

ಅಳತೆಯೇ ಮೊದಲು

ಸೆಟ್ ಕೊಳ್ಳುವ ಮುಂಚೆ ನಿಮ್ಮ ಕಸುಬಿನಲ್ಲಿ ಯಾವ ಬೋಲ್ಟುಗಳು ಬರುತ್ತವೆ ಎಂದು ಬರೆದುಕೊಳ್ಳಿ. ಬೋಲ್ಟಿನ ಸೈಜು ಬೇರೆ, ಅದಕ್ಕೆ ಹಾಕುವ ಕೀಯ ಸೈಜು ಬೇರೆ. ಸಿಲಿಂಡರಿನಂಥ ಎತ್ತರದ ತಲೆಯ ಅಲೆನ್ ಬೋಲ್ಟಿನ ಲೆಕ್ಕ ಹೀಗಿದೆ:

ಎಂ4 ಬೋಲ್ಟಿಗೆ 3 ಮಿ.ಮೀ. ಕೀ
ಎಂ5ಕ್ಕೆ 4
ಎಂ6ಕ್ಕೆ 5
ಎಂ8ಕ್ಕೆ 6
ಎಂ10ಕ್ಕೆ 8
ಎಂ12ಕ್ಕೆ 10

ಉಬ್ಬು ತಲೆಯ ಬಟನ್ ಹೆಡ್ಡಿಗೂ, ತಲೆ ಒಳಗೆ ಕೂರುವ ಸಿಎಸ್‌ಕೆ ಬೋಲ್ಟಿಗೂ ಕುಳಿ ಒಂದು ಹಂತ ಚಿಕ್ಕದು. ಎಂ6ಕ್ಕೆ 4 ಮಿ.ಮೀ., ಎಂ8ಕ್ಕೆ 5. ಗ್ರಬ್ ಸ್ಕ್ರೂಗೆ ಇನ್ನೂ ಚಿಕ್ಕದು: ಎಂ6ಕ್ಕೆ 3, ಎಂ8ಕ್ಕೆ 4. ಮೇಲ್ನೋಟಕ್ಕೆ ಒಂದೇ ಒಂದು ಮಿ.ಮೀ. ವ್ಯತ್ಯಾಸ. ಆದರೆ ತಿರುಚುವ ಬಲವನ್ನು ತಾಳುವ ಶಕ್ತಿ ಕೀ ದಪ್ಪದ ಘನದಷ್ಟು ಏರಿಳಿಯುತ್ತದೆ. 5ರ ಬದಲು 4 ಹಾಕುವಲ್ಲಿ ಕೀ ತಾಳುವ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. 2 ಮಿ.ಮೀ. ಕೀ 4 ಮಿ.ಮೀ. ಕೀ ತಾಳುವುದರ ಎಂಟನೇ ಒಂದು ಭಾಗವನ್ನಷ್ಟೇ ತಾಳುತ್ತದೆ. ಎಂ6 ಬೋಲ್ಟು ಎಂದ ಮಾತ್ರಕ್ಕೆ ಎಲ್ಲಕ್ಕೂ ಒಂದೇ ಕೈಬಲ ಹಾಕುವವರ ಬಟನ್ ಹೆಡ್ಡುಗಳು ಮೊದಲು ಗುಂಡಾಗುವುದು ಇದಕ್ಕೇ.

ಇನ್ನೊಂದು ಬಲೆ ಇಂಚು. ಹಳೆಯ ಮಗ್ಗ, ಆಮದು ಯಂತ್ರ, ಕೆಲವು ವ್ಯಾಯಾಮದ ಸಲಕರಣೆಗಳಲ್ಲಿ ಇಂಚಿನ ಕುಳಿಗಳಿರುತ್ತವೆ. 5/32 ಇಂಚೆಂದರೆ 3.97 ಮಿ.ಮೀ., 4ಕ್ಕೆ ತೀರ ಹತ್ತಿರ. 5/16 ಎಂದರೆ 7.94, 8ಕ್ಕೆ ಹತ್ತಿರ. ಈ ಎರಡು ಹೊಂದಿದವೆಂದು ಉಳಿದವೂ ಹೊಂದುತ್ತವೆ ಎಂದುಕೊಂಡರೆ ಕೆಟ್ಟೆವು. 3/16 ಇಂಚು 4.76 ಮಿ.ಮೀ.; ಅದನ್ನು 5ರ ಕುಳಿಗೆ ಹಾಕಿದರೆ ಕಾಲು ಮಿ.ಮೀ.ನಷ್ಟು ಸಡಿಲ. ಕಾಲಿಂಚಿನ ಕುಳಿ 6.35, ಅದರಲ್ಲಿ 6ರ ಕೀ ಆಡುತ್ತದೆ. ಆದ್ದರಿಂದ ಎರಡು ಸೆಟ್ಟು ಬೇಕು, ಎರಡೂ ಬೇರೆ ಬೇರೆ ಚೀಲದಲ್ಲಿರಬೇಕು. ಒಂದೇ ಡಬ್ಬಿಯಲ್ಲಿ ಬೆರೆತ ಸೆಟ್ಟು ಯಾವತ್ತಾದರೂ ಒಂದು ಬೋಲ್ಟನ್ನು ಬಲಿ ತೆಗೆದುಕೊಳ್ಳುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದು

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಹೊಸ ಎಂ5, ಎಂ6 ಬೋಲ್ಟು ಇಟ್ಟುಕೊಂಡು ಹೋಗಿ, ಸಾಧ್ಯವಾದರೆ ಅಳೆಯಲು ವರ್ನಿಯರನ್ನೂ. ಅಂತರರಾಷ್ಟ್ರೀಯ ಅಳತೆಯ ಪ್ರಕಾರ 5 ಮಿ.ಮೀ. ಕುಳಿ 5.02ರಿಂದ 5.14ರವರೆಗೆ ಇರಬಹುದು. ಕೀ ಮಾತ್ರ 5ನ್ನು ದಾಟಬಾರದು, ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು. ವರ್ನಿಯರ್ 4.8 ತೋರಿಸಿದರೆ ಆ ಸೆಟ್ಟನ್ನು ಅಲ್ಲೇ ಬಿಡಿ. ಕೀಯ ತುದಿಯನ್ನು ಬೆಳಕಿಗೆ ಹಿಡಿಯಿರಿ: ಆರೂ ಮೂಲೆ ಚೂಪಾಗಿ, ತುದಿ ನೇರವಾಗಿ ಕತ್ತರಿಸಿದಂತಿರಬೇಕು. ಕುಳಿಗೆ ಹಾಕಿ ಅಲುಗಿಸಿದಾಗ ಕೈಗೆ ಆಟ ತಿಳಿಯಬಾರದು.

ಲೋಹ ಕ್ರೋಮ್ ವೆನೇಡಿಯಂ ಆಗಿದ್ದರೆ ದಿನಬಳಕೆಗೆ ಸಾಕು. ಎಸ್2 ಎಂದು ಬರೆದ ಉಕ್ಕು ಇನ್ನಷ್ಟು ಗಟ್ಟಿ, ಚಿಕ್ಕ ಸೈಜುಗಳಲ್ಲಿ ಅದು ಒಳ್ಳೆಯದು. ಥಳಥಳಿಸುವ ಲೇಪ ನೋಡಿ ಮರುಳಾಗಬೇಕಿಲ್ಲ. ದಪ್ಪ ಲೇಪದಡಿ ಮೂಲೆ ಮೊಂಡಾಗಿರಬಹುದು. ಕಪ್ಪು ಬಣ್ಣದ ಕೀಗಳಲ್ಲಿ ಅಳತೆ ಚೊಕ್ಕವಾಗಿರುತ್ತದೆ, ಎಣ್ಣೆಯ ಕೈ ಮಾತ್ರ ಆಗಾಗ ತಗಲಬೇಕು. ಸಾಬರಮತಿಯ ದಡದ ಭಾನುವಾರದ ಗುಜರಿ ಬಜಾರಿನಲ್ಲಿ ಹಳೆಯ ಒಳ್ಳೆಯ ಕೀಗಳು ಸಿಕ್ಕಬಹುದು, ನಮ್ಮ ಬೆಂಗಳೂರಿನ ಸಂಡೇ ಬಜಾರಿನಲ್ಲೂ ಅಷ್ಟೆ. ಅಲ್ಲಿ ಕೊಳ್ಳುವಾಗ ತುದಿಯನ್ನು ಇನ್ನೂ ಎಚ್ಚರದಿಂದ ನೋಡಬೇಕು: ತಿರುಚಿದ ಗುರುತಿದ್ದರೆ ಆ ಉಕ್ಕು ಆಗಲೇ ಸೋತಿದೆ.

ಆಕಾರದ ಆಯ್ಕೆ ಕೆಲಸವನ್ನು ಅವಲಂಬಿಸುತ್ತದೆ. ಎಲ್ ಆಕಾರದ ಉದ್ದ ತೋಳಿನ ಸೆಟ್ಟು ಎಲ್ಲರಿಗೂ ಬೇಕು. ದಿನಕ್ಕೆ ನೂರಾರು ಬೋಲ್ಟು ತಿರುಗಿಸುವ ಅಸೆಂಬ್ಲಿ ಕೆಲಸಕ್ಕೆ ಟಿ ಹಿಡಿಯ ಕೀ ಮಣಿಕಟ್ಟನ್ನು ಕಾಪಾಡುತ್ತದೆ. ಚಾಕುವಿನಂತೆ ಮಡಚುವ ಸೆಟ್ಟು ಜೇಬಿಗೆ ಅನುಕೂಲ, ಇಕ್ಕಟ್ಟಿನ ಜಾಗಕ್ಕೆ ಅಲ್ಲ. ಗುಂಡು ತುದಿಯ ಕೀಯನ್ನು ಅಮೆರಿಕದ ಜಾನ್ ಬಾಂಡಸ್ 1964ರಲ್ಲಿ ರೂಪಿಸಿದರು. ಸುಮಾರು 25 ಡಿಗ್ರಿ ಓರೆಯಾಗಿ ಹಿಡಿದರೂ ಅದು ಬೋಲ್ಟನ್ನು ತಿರುಗಿಸುತ್ತದೆ. ಅಡುಗೆಮನೆಯ ಕಪಾಟಿನ ಮೂಲೆಯಲ್ಲಿ ಅದರಷ್ಟು ಉಪಕಾರಿ ಇಲ್ಲ. ಆದರೆ ಗುಂಡಿನ ಕತ್ತು ಸಣ್ಣದು. ಬೋಲ್ಟನ್ನು ಓಡಿಸಲಿಕ್ಕೆ ಗುಂಡು ತುದಿ, ಕೊನೆಯ ಬಿಗಿಗೂ ಮೊದಲ ಸಡಿಲಿಕೆಗೂ ನೇರ ತುದಿ. ಇದನ್ನು ಮರೆತರೆ ಗುಂಡು ಮುರಿದು ಕುಳಿಯಲ್ಲೇ ಉಳಿಯುತ್ತದೆ.

ಕೈ ಎಷ್ಟು ಒತ್ತಬೇಕು?

ಕೀ ಹಾಕುವ ಮುನ್ನ ಕುಳಿಯನ್ನು ಸೂಜಿಯಿಂದ ಕೆದಕಿ. ಸೂರತ್ತಿನ ಮಗ್ಗದಲ್ಲಿ ನೂಲಿನ ಜುಂಗು, ಬೋಡಕ್‌ದೇವ್‌ನ ಹೊಸ ಕಟ್ಟಡದಲ್ಲಿ ಸಿಮೆಂಟು, ಪೇಂಟು ಕುಳಿಯ ತಳದಲ್ಲಿ ಕೂತಿರುತ್ತವೆ. ಕೀ ಪೂರ್ತಿ ಇಳಿಯದೆ ಅರ್ಧದಲ್ಲೇ ಹಿಡಿದರೆ ಮೂಲೆಯ ಮೇಲಿನ ಭಾಗ ಮಾತ್ರ ಭಾರ ಹೊತ್ತು ಹರಿದುಹೋಗುತ್ತದೆ.

ಕೀಯ ತೋಳಿನ ಉದ್ದಕ್ಕೂ ಒಂದು ಲೆಕ್ಕವಿದೆ. ಮಾಮೂಲಿ 5 ಮಿ.ಮೀ. ಕೀಯ ಉದ್ದ ತೋಳು ಸುಮಾರು 80 ಮಿ.ಮೀ. 8.8 ದರ್ಜೆಯ ಎಂ6 ಬೋಲ್ಟಿಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್. ತೋಳಿನ ತುದಿಯಲ್ಲಿ ಹನ್ನೆರಡೂವರೆ ಕಿಲೋದಷ್ಟು ಎಳೆದರೆ ಅದು ಸಿಗುತ್ತದೆ, ಅಂದರೆ ಬರಿಗೈ ಸಾಕು. ಅದೇ ಕೀಗೆ 30 ಸೆಂ.ಮೀ. ಪೈಪು ಸಿಕ್ಕಿಸಿ ಅಷ್ಟೇ ಎಳೆದರೆ ಬಿಗಿ ಮೂರೂವರೆ ಪಟ್ಟು ದಾಟುತ್ತದೆ. ಆಗ ಕುಳಿಯೋ ಬೋಲ್ಟೋ ಕೀಯೋ ಮುರಿಯಲೇಬೇಕು. ಗಟ್ಟಿ ಉಕ್ಕಿನ ಕೀ ಮುರಿದರೆ ಚೂರು ಸಿಡಿಯುತ್ತದೆ; ಎತ್ತರದ ಸಜ್ಜೆಯ ಮೇಲೆ ನಿಂತವನ ಆಯವೂ ತಪ್ಪುತ್ತದೆ. ಪೈಪು ಸಿಕ್ಕಿಸುವ ಅಭ್ಯಾಸವನ್ನು ಕಸುಬಿನಿಂದ ಪೂರ್ತಿ ತೆಗೆದುಹಾಕಬೇಕು. ಎತ್ತರದಲ್ಲಿ ಕೆಲಸ ಮಾಡುವವರು ಕೀಯನ್ನು ದಾರದಿಂದ ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಎಲ್ಲೆಡೆ ಒಂದೇ ಬಿಗಿ ಸಲ್ಲದು. ಗಾಜಿನ ಬಾಗಿಲಿನ ಕ್ಲ್ಯಾಂಪಿನಲ್ಲಿ ರಬ್ಬರು ಕೂತಿದೆಯೇ ನೋಡಿ, ಎರಡೂ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಯಬೇಕು. ಒಂದೇ ಕಡೆ ಬಿಗಿದ ಟಫನ್ ಗಾಜು ಕ್ಷಣದಲ್ಲಿ ಪುಡಿಯಾಗಬಹುದು. ಪಾರ್ಟಿಕಲ್ ಬೋರ್ಡಿನ ಕಪಾಟಿನಲ್ಲಿ ತಿರುಪಿನ ತಲೆ ಹಲಗೆಗೆ ಸಮನಾದ ಕೂಡಲೇ ನಿಲ್ಲಿಸಬೇಕು, ಮತ್ತರ್ಧ ಸುತ್ತು ಹಾಕಿದರೆ ಒಳಗಿನ ಥ್ರೆಡ್ಡೇ ಹೋಗುತ್ತದೆ. ಎಸಿ ವಾಲ್ವಿನ ಕಾಂಡ ತುದಿ ಮುಟ್ಟಿದ್ದು ಕೈಗೆ ತಿಳಿಯುತ್ತದೆ, ಅಲ್ಲಿಂದ ಮುಂದೆ ಒತ್ತಬಾರದು.

ಅಹಮದಾಬಾದ್, ವಡೋದರಾಗಳ ಔಷಧ ಕಾರ್ಖಾನೆಗಳಲ್ಲಿ ಸ್ಟೇನ್‌ಲೆಸ್ ಬೋಲ್ಟುಗಳದೇ ರಾಜ್ಯ. ಸ್ಟೇನ್‌ಲೆಸ್ ಥ್ರೆಡ್ಡುಗಳು ಒಣಗಿದ್ದಾಗ ವೇಗವಾಗಿ ತಿರುಗಿಸಿದರೆ ಒಂದನ್ನೊಂದು ಕಚ್ಚಿಕೊಂಡು ಜಾಮ್ ಆಗುತ್ತವೆ. ಆ ಜಾಗಕ್ಕೆ ಒಪ್ಪುವ ಗ್ರೀಸು ಹಚ್ಚಿ, ನಿಧಾನವಾಗಿ, ಕೈಯಿಂದಲೇ ತಿರುಗಿಸಬೇಕು. ಮಾಮೂಲಿ ಉಕ್ಕಿನ ಕೀ ಉಜ್ಜಿ ಬಿಟ್ಟ ಕಣಗಳಿಂದ ಸ್ಟೇನ್‌ಲೆಸ್ಸಿನ ಮೇಲೂ ತುಕ್ಕಿನ ಚುಕ್ಕೆ ಮೂಡುತ್ತದೆ. ಇಂಥಲ್ಲಿಗೆ ಸ್ಟೇನ್‌ಲೆಸ್ ಕೀಗಳೇ ಸಿಗುತ್ತವೆ. ನೀರಿನ ಸೆಳೆತದಿಂದ ಹೊಕ್ಕುನೂಲನ್ನು ಹಾಯಿಸುವ ಸೂರತ್ತಿನ ವಾಟರ್‌ಜೆಟ್ ಮಗ್ಗಗಳ ಬಳಿ ಕೆಲಸ ಮಾಡುವವರು ಸಂಜೆ ಕೀಗಳನ್ನು ಒರೆಸಿ ಎಣ್ಣೆ ಬಟ್ಟೆಯಲ್ಲಿ ಸುತ್ತಿಡಬೇಕು.

ಗುಂಡಾದ ಕುಳಿಗೆ

ಕುಳಿ ಜಾರತೊಡಗಿತೆಂದು ಅನಿಸಿದ ಕೂಡಲೇ ನಿಲ್ಲಿಸಿ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕಾಯಿರಿ. ಥ್ರೆಡ್ ಲಾಕರ್ ಹಾಕಿದ ಬೋಲ್ಟಾದರೆ ಬಿಸಿ ಮಾಡಬೇಕು. ಗ್ಯಾಸ್ ಪೈಪಿನ ಹತ್ತಿರ ಮಾತ್ರ ಬೆಂಕಿ ಬೇಡವೇ ಬೇಡ, ಹೊಸ ಎಸಿಗಳ ಆರ್32 ಗ್ಯಾಸು ಉರಿಯಬಲ್ಲದು. ಆಮೇಲೆ ಹೊಸ ಕೀಯನ್ನು ಸುತ್ತಿಗೆಯಿಂದ ಹಗುರಾಗಿ ತಟ್ಟಿ ತಳದವರೆಗೆ ಇಳಿಸಿ ನೋಡಿ. ಆಗದಿದ್ದರೆ ಕುಳಿಗೆ ತುಸು ಬಿಗಿಯಾಗುವಂಥ, ನಕ್ಷತ್ರದಾಕಾರದ ತುದಿಯ ಟಾರ್ಕ್ಸ್ ಬಿಟ್ಟನ್ನು ಬಡಿದು ಕೂರಿಸಿ ತಿರುಗಿಸಬಹುದು. ಕೊನೆಯ ದಾರಿ ತಲೆಯನ್ನು ಡ್ರಿಲ್ ಮಾಡಿ ತೆಗೆಯುವುದು. ಹೀಗೆ ಬಿಚ್ಚಿದ ಬೋಲ್ಟನ್ನು ಮತ್ತೆ ಹಾಕಬೇಡಿ. ಕೀಯ ತುದಿ ಸವೆದಿದ್ದರೆ ಗ್ರೈಂಡರಿನಲ್ಲಿ ಕೆಲವು ಮಿ.ಮೀ. ತೆಗೆದರೆ ಹೊಸ ಮೂಲೆಗಳು ಸಿಗುತ್ತವೆ. ಉಜ್ಜುವಾಗ ಪದೇ ಪದೇ ನೀರಿನಲ್ಲಿ ಅದ್ದಬೇಕು. ತುದಿ ನೀಲಿಗಟ್ಟಿದರೆ ಅದರ ಗಡಸುತನ ಹೋಯಿತೆಂದೇ ಅರ್ಥ.

ಯಾರು ಕೊಳ್ಳಬೇಕು?

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಶುರುಮಾಡಿದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳವರಿಗೆ ಸಲಕರಣೆಗೆಂದು 15,000 ರೂಪಾಯಿವರೆಗೆ ನೆರವು ಕೊಡುತ್ತದೆ. ಬಡಗಿ, ಕಮ್ಮಾರ, ಬೀಗ ಮಾಡುವವರು ಆ ಪಟ್ಟಿಯಲ್ಲಿದ್ದಾರೆ. ಎಸಿ ಫಿಟ್ಟರ್, ಮಗ್ಗದ ಮೆಕ್ಯಾನಿಕ್, ಗಾಜು ಕೂರಿಸುವವರು ಇಲ್ಲ. ಅವರು ತಮ್ಮ ಕೂಲಿಯಿಂದಲೇ ಕೀ ಕೊಳ್ಳುತ್ತಾರೆ, ಆದ್ದರಿಂದಲೇ ಅಗ್ಗದ್ದನ್ನು ಕೊಳ್ಳುತ್ತಾರೆ, ಸವೆದರೂ ಬಿಡದೆ ಬಳಸುತ್ತಾರೆ. ಇದರ ನಷ್ಟ ಬೋಲ್ಟು ಹಾಳಾದ ಮನೆಯವರಿಗೂ, ಮತ್ತೆ ಬಂದು ಪುಕ್ಕಟೆ ಸರಿಮಾಡಬೇಕಾದ ಗುತ್ತಿಗೆದಾರನಿಗೂ ತಟ್ಟುತ್ತದೆ.

ದಾರಿ ಸರಳ. ತಾಮ್ರದ ಪೈಪು, ಕ್ಲ್ಯಾಂಪುಗಳಂತೆ ಕೀಗಳನ್ನೂ ಗುತ್ತಿಗೆದಾರರು ಕೆಲಸದ ಅಂದಾಜಿನಲ್ಲಿ ಸೇರಿಸಲಿ. ದಿನವೂ ಸವೆಯುವ 4, 5, 6ರ ಕೀಗಳನ್ನು ಬಿಡಿಯಾಗಿ ಹೆಚ್ಚು ತಂದಿಡಲಿ, ಇಡೀ ಸೆಟ್ಟು ಬದಲಿಸುವ ಅಗತ್ಯವಿಲ್ಲ. ನಮ್ಮ ವರ್ಕ್‌ಶಾಪುಗಳಲ್ಲಿ ಆಯುಧಪೂಜೆಗೆ ಸಲಕರಣೆಗಳನ್ನು ತೊಳೆದು ಕುಂಕುಮ ಇಡುವ ಮುನ್ನ ವರ್ನಿಯರ್ ಹಿಡಿದು ಒಂದೊಂದು ಕೀಯನ್ನೂ ಅಳೆಯುವ ಪದ್ಧತಿ ಬರಲಿ. ಕೀ ಕೊಡಿಸುವುದು ಕೆಲಸ ಕೊಟ್ಟವರ ಹೊಣೆ. ಸವೆದದ್ದನ್ನು ಚೀಲದಿಂದ ತೆಗೆದುಹಾಕುವುದು ಕಸುಬುದಾರನ ಹೊಣೆ. ಸರಿಯಾದ ಕೀ ತರಲು ಅವನು ಕೆಳಗಿಳಿದು ಹೋದಾಗ ಆ ಐದು ನಿಮಿಷ ಗೊಣಗದೆ ಕಾಯುವುದು ಮನೆಯವರ ಹೊಣೆ.