ಕಲ್ಲಿನ ಲೋಲಕ, ತೆರೆಯ ಲೋಲಕ

ಒಂದು ಮೀಟರು ಉದ್ದದ ದಾರಕ್ಕೆ ಕಲ್ಲೊಂದನ್ನು ಕಟ್ಟಿ ತೂಗಬಿಡಿರಿ. ಅದು ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು ಹಿಡಿಯುವುದು. ಇಂತಹ ಲೋಲಕವನ್ನು ಗಣಕದ ತೆರೆಯ ಮೇಲೆಯೂ ಆಡಿಸಬಹುದು. ಅದಕ್ಕೆ ಸಾಧನವಾದ 'ಫೆಟ್' ಯೋಜನೆಯನ್ನು ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ನರು 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದರು.

ನನ್ನ ಹಳೆಯ ವಿದ್ಯಾರ್ಥಿನಿ, ಸಿರುಗುಪ್ಪದ ತರುಣಿಯೊಬ್ಬಳು, ಬಳ್ಳಾರಿಯಲ್ಲಿ ಶಿಕ್ಷಕ ತರಬೇತಿ ಪಡೆಯುವಾಗ ಇದನ್ನು ಶ್ರಮಪಟ್ಟು ಕಲಿತಳು. ಕುರುಗೋಡಿನ ಶಾಲೆಯೊಂದರಲ್ಲಿ ಅಭ್ಯಾಸಪಾಠ. ತೆರೆಯ ಲೋಲಕ ಸೊಗಸಾಗಿ ಆಡಿತು. ಆಗ ಬಾಲಕನೊಬ್ಬನು ಎದ್ದು, "ಟೀಚರ್, ಅದು ಹೇಳಿದಂತೆ ಕುಣಿಯುವ ಬೊಂಬೆ. ನಿಜವಾದ ಕಲ್ಲೂ ಹೀಗೆಯೇ ಆಡುವುದೆ?" ಎಂದನು. ಅವಳಿಗೆ ಮಾತು ಹೊರಡಲಿಲ್ಲ.

ಸಂಜೆ ನನಗೆ ಫೋನು ಮಾಡಿ, "ಸರ್, ನನ್ನ ಪಾಠ ಕೆಟ್ಟಿತು" ಎಂದಳು. "ಇಲ್ಲಮ್ಮ, ಪಾಠ ಈಗ ಮೊದಲಾಯಿತು, ನಾಳೆ ದಾರ ಕೊಂಡುಹೋಗು" ಎಂದೆನು.

ಮರುದಿನ ಮಕ್ಕಳೇ ಅಳೆದರು. ಹತ್ತು ಆಂದೋಲನಗಳಿಗೆ ಸುಮಾರು 20 ಸೆಕೆಂಡು. ಕಲ್ಲಿನ ತೂಕ ಹೆಚ್ಚಿಸಿದರೂ ಕಾಲ ಬದಲಾಗಲಿಲ್ಲ; ದಾರವನ್ನು ಕಾಲುಭಾಗಕ್ಕೆ ಇಳಿಸಲು ಕಾಲವು ಅರ್ಧವಾಯಿತು. ತೆರೆಯೂ ಅದನ್ನೇ ನುಡಿಯಿತು.

ಬಳಿಕ ಅವಳು ತೆರೆಯಲ್ಲಿ ಚಂದ್ರನ ಗುರುತ್ವವನ್ನು ಆರಿಸಿದಳು. ಅದು ಭೂಮಿಯ ಗುರುತ್ವದ ಸುಮಾರು ಆರನೆಯ ಒಂದು ಪಾಲು. ಆದುದರಿಂದ ಒಂದು ಮೀಟರಿನ ಲೋಲಕಕ್ಕೆ ಅಲ್ಲಿ ಸುಮಾರು 5 ಸೆಕೆಂಡು ಬೇಕು. ಆ ಬಾಲಕನು ಈಗ ನಂಬಿದನು. ಏಕೆಂದರೆ ಇಲ್ಲಿಯ ಲೆಕ್ಕವನ್ನು ಅವನೇ ತಾಳೆ ನೋಡಿದ್ದನು. ನೀವೂ ಮಾಡಿ ನೋಡಿರಿ.