ಗೆಳೆತನ ಮತ್ತು ಮನಸ್ಸಿನ ಆರೋಗ್ಯ



ಹೊಸೂರು ರಸ್ತೆಯ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ರಸ್ತೆ ತುಂಬ ಜನ. ಊರು ಬಿಟ್ಟು ಬಂದು ಬಾಡಿಗೆ ಕೋಣೆಗಳಲ್ಲಿರುವ ಯುವಕ ಯುವತಿಯರು ಅವರಲ್ಲಿ ಅನೇಕರು. "ಊಟ ಆಯ್ತಾ?" ಎಂದು ಕೇಳುವವರಿಲ್ಲದಿದ್ದರೆ ಇಷ್ಟು ಜನರ ನಡುವೆಯೂ ಒಂಟಿತನ ಕಾಡುತ್ತದೆ. ನಾಳೆ ನೀವೂ ಓದಿಗೋ ಕೆಲಸಕ್ಕೋ ಹೀಗೆ ಊರು ಬಿಡಬೇಕಾಗಬಹುದು.

ಗೆಳೆತನದಿಂದ ಮನಸ್ಸಿಗೆ ಆಗುವ ಉಪಕಾರವೇನು? ಚಿಂತೆ ಹೆಚ್ಚಿದಾಗ ಎದೆಬಡಿತ ಏರುತ್ತದೆ, ನಿದ್ದೆ ಕೆಡುತ್ತದೆ. ನಂಬಿಕೆಯ ಗೆಳೆಯರು ಜೊತೆಗಿದ್ದರೆ ಈ ಗಾಬರಿ ಬೇಗ ಇಳಿಯುತ್ತದೆ. ಹೇಳಿಕೊಂಡ ಕಷ್ಟ ಹಗುರವಾಗುತ್ತದೆ. 2010ರಲ್ಲಿ ಅಮೆರಿಕದ ಸಂಶೋಧಕರು 148 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಗಟ್ಟಿಯಾದ ಸಂಬಂಧಗಳುಳ್ಳವರು ಹೆಚ್ಚು ಕಾಲ ಬದುಕುವ ಸಾಧ್ಯತೆ ಇದೆಯೆಂದು ಕಂಡುಬಂತು.

ಪರೀಕ್ಷೆಯಲ್ಲಿ ಫೇಲಾದ ಗೆಳೆಯ ಮಾತು ಬಿಟ್ಟಿದ್ದಾನೆಯೇ? ಬುದ್ಧಿವಾದ ಬೇಡ, ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ. ಆದರೆ ಎಲ್ಲವನ್ನೂ ಗೆಳೆತನವೇ ಗುಣಪಡಿಸಲಾರದು. "ಬದುಕೇ ಬೇಡ" ಎಂದು ಅವನು ಹೇಳಿದರೆ, ಯಾರಿಗೂ ಹೇಳುವುದಿಲ್ಲವೆಂದು ಕೊಟ್ಟ ಮಾತನ್ನು ಮುರಿಯಬೇಕು. ಅವನನ್ನು ಒಂಟಿಯಾಗಿ ಬಿಡಬೇಡಿ. ಕೂಡಲೇ ಮನೆಯವರಿಗೋ ಅಧ್ಯಾಪಕರಿಗೋ ತಿಳಿಸಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ನಿಮ್ಮ ತರಗತಿಯಲ್ಲಿ ಕೆಲವು ದಿನಗಳಿಂದ ಮೌನವಾಗಿರುವವರು ಯಾರು? ಇಂದೇ ಮಾತನಾಡಿಸಿ.