ಕೇಳುವ ಕಿವಿಗೆ ಓದುವ ಕಣ್ಣು ಬೇಕೆ?

ಹೆವಿ ಮೆಟಲ್ ಸಂಗೀತದ ಅಭಿಮಾನಿಗಳೂ ಅವರ ವಿಮರ್ಶಕರೂ

೧೯೭೦ನೆಯ ಇಸವಿ ಫೆಬ್ರವರಿ ೧೩, ಶುಕ್ರವಾರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನಾಲ್ವರು ತರುಣರ ಮೊದಲ ಆಲ್ಬಮ್ ಅಂದು ಅಂಗಡಿಗಳಿಗೆ ಬಂದಿತು. ತಂಡದ ಹೆಸರು ಬ್ಲ್ಯಾಕ್ ಸಬ್ಬತ್. ಆಲ್ಬಮ್ಮಿನ ಹೆಸರೂ ಅದೇ. ಹೆಚ್ಚು ಕಡಿಮೆ ಒಂದೇ ದಿನದಲ್ಲಿ ನುಡಿಸಿ, ಹಾಡಿ ಮುಗಿಸಿದ್ದ ಆ ಮುದ್ರಿಕೆಯನ್ನು ಕೇಳಿ ವಿಮರ್ಶಕರು ಹುಬ್ಬು ಗಂಟಿಕ್ಕಿದರು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಎಂಬ ಹರಿತವಾದ ಲೇಖನಿಯ ವಿಮರ್ಶಕರು, ಇದು ಕ್ರೀಮ್ ಎಂಬ ಹಿಂದಿನ ತಂಡದ ಕೀಳು ಅನುಕರಣೆಯೆಂದು ತಳ್ಳಿಹಾಕಿದರು.

ಆದರೆ ಕೊಳ್ಳುವವರು ಕೊಂಡರು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಆ ಆಲ್ಬಮ್ ಎಂಟನೆಯ ಸ್ಥಾನಕ್ಕೇರಿತು. ನಲವತ್ತೇಳು ವರ್ಷಗಳ ನಂತರ, ೨೦೧೭ರಲ್ಲಿ, ಅದೇ ‘ರೋಲಿಂಗ್ ಸ್ಟೋನ್’ ಪತ್ರಿಕೆ ಹೆವಿ ಮೆಟಲ್ಲಿನ ಅತ್ಯುತ್ತಮವಾದ ನೂರು ಆಲ್ಬಮ್‌ಗಳ ಪಟ್ಟಿಯನ್ನು ಪ್ರಕಟಿಸಿತು. ಮೊದಲ ಸ್ಥಾನ ಯಾರಿಗೆ? ಅದೇ ಬ್ಲ್ಯಾಕ್ ಸಬ್ಬತ್ ತಂಡದ ಎರಡನೆಯ ಆಲ್ಬಮ್ಮಾದ ‘ಪ್ಯಾರನಾಯ್ಡ್’ಗೆ!

ಹೀಗೆ ಹುಟ್ಟಿದ ದಿನದಿಂದಲೇ ಈ ಸಂಗೀತಕ್ಕೂ ವಿಮರ್ಶಕನಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಆದರೂ ಐದು ದಶಕಗಳ ಕಾಲ ಅಭಿಮಾನಿಗಳು ವಿಮರ್ಶೆಗಳನ್ನು ಬಿಡದೆ ಓದಿದರು, ಕತ್ತರಿಸಿ ಅಂಟಿಸಿಟ್ಟುಕೊಂಡರು, ಮೆಚ್ಚಿದರು, ಬೈದರು. ಇಂದು ಕಾಲ ಬದಲಾಗಿದೆ. ಬೆರಳ ತುದಿಯಿಂದ ಒತ್ತಿದರೆ ಯಾವ ಹಾಡಾದರೂ ಕ್ಷಣದಲ್ಲಿ ಕಿವಿಗೆ ಬೀಳುತ್ತದೆ. ಇಂಥ ದಿನಗಳಲ್ಲಿ ವಿಮರ್ಶಕನಿಗೆ ಇನ್ನೂ ಕೆಲಸ ಉಳಿದಿದೆಯೇ?

ಕಾರ್ಖಾನೆಯ ಊರಿನ ನಾದ

ಹೆವಿ ಮೆಟಲ್ ಎಂದರೆ ಭಾರವಾದ ಲೋಹ. ಹೆಸರಿಗೆ ತಕ್ಕ ನಾದ. ವಿದ್ಯುತ್ ಗಿಟಾರಿನ ಗುಡುಗು, ಎದೆಗೆ ಬಡಿಯುವ ಡ್ರಮ್ಮು, ಗಂಟಲು ಹರಿಯುವಂತೆ ಏರಿಸಿದ ಸ್ವರ. ಮಗನ ಕೋಣೆಯಿಂದ ಇದನ್ನು ಮೊದಲ ಸಲ ಕೇಳಿದ ತಂದೆತಾಯಂದಿರು ಗಾಬರಿಗೊಂಡರೆ ಆಶ್ಚರ್ಯವಿಲ್ಲ. ಆದರೆ ಈ ಗದ್ದಲದ ಹಿಂದೆ ಕಷ್ಟಪಟ್ಟು ದುಡಿದವರ ಬದುಕಿದೆ.

ಬ್ಲ್ಯಾಕ್ ಸಬ್ಬತ್ತಿನ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದರು. ಕೆಲಸ ಬಿಡಬೇಕಾಗಿದ್ದ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಗೈಯಿಂದ ಮೀಟುವ ಅವರಿಗೆ ತಂತಿಯನ್ನು ಒತ್ತುವ ಕೈ ಅದೇ. ಅಯೋಮಿ ಎದೆಗೆಡಲಿಲ್ಲ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಮುಂದೆ ತಂತಿಗಳನ್ನು ಸಡಿಲಿಸಿ, ಶ್ರುತಿಯನ್ನು ಇಳಿಸಿ ನುಡಿಸತೊಡಗಿದರು. ಆ ಇಳಿದ ಶ್ರುತಿಯ ಗಾಂಭೀರ್ಯವೇ ಮುಂದೆ ನೂರಾರು ತಂಡಗಳಿಗೆ ಮೇಲ್ಪಂಕ್ತಿಯಾಯಿತು. ಇಷ್ಟನ್ನೆಲ್ಲ ಮೊದಲ ವಿಮರ್ಶಕರು ಗುರುತಿಸಲಿಲ್ಲ. ಕಾರ್ಖಾನೆಯ ಊರಿನ ಹುಡುಗರು ಗುರುತಿಸಿದರು.

ಹಣದ ಚೀಲದ ಕಾವಲುಗಾರ

ಆಮೇಲಿನ ವರ್ಷಗಳಲ್ಲಿ ಈ ಹುಡುಗರಿಗೇ ಒಂದು ತೊಡಕು ಎದುರಾಯಿತು. ಒಂದು ಆಲ್ಬಮ್ ಕೊಳ್ಳಬೇಕಾದರೆ ಅನೇಕ ವಾರಗಳ ಕೈಖರ್ಚನ್ನು ಉಳಿಸಬೇಕು. ಕೊಳ್ಳುವ ಮೊದಲು ಕೇಳೋಣವೆಂದರೆ ರೇಡಿಯೋದವರು ಈ ಸಂಗೀತವನ್ನು ಹತ್ತಿರ ಸೇರಿಸುತ್ತಿರಲಿಲ್ಲ. ೧೯೭೮ರಿಂದ ಬಿ.ಬಿ.ಸಿ.ಯಲ್ಲಿ ಟಾಮಿ ವಾನ್ಸ್ ಅವರು ನಡೆಸುತ್ತಿದ್ದ ಶುಕ್ರವಾರ ರಾತ್ರಿಯ ಕಾರ್ಯಕ್ರಮ ಬರಗಾಲದಲ್ಲಿ ಬಿದ್ದ ಒಂದು ಹದ ಮಳೆ. ಉಳಿದಂತೆ ಅಂಗಡಿಯಲ್ಲಿ ಹೊದಿಕೆಯ ಚಿತ್ರವನ್ನು ನೋಡಿ ಧೈರ್ಯ ಮಾಡಬೇಕು, ಇಲ್ಲವೇ ಬಲ್ಲವರ ಮಾತನ್ನು ನಂಬಬೇಕು.

ಬಲ್ಲವರ ಆ ಸ್ಥಾನದಲ್ಲಿ ವಿಮರ್ಶಕನು ಬಂದು ಕುಳಿತನು. ಲಂಡನ್ನಿನ ‘ಸೌಂಡ್ಸ್’ ವಾರಪತ್ರಿಕೆಯ ಜೆಫ್ ಬಾರ್ಟನ್ ಅವರು ೧೯೭೯ರ ಮೇ ತಿಂಗಳಿನಲ್ಲಿ ಬ್ರಿಟಿಷ್ ಹೆವಿ ಮೆಟಲ್ಲಿನ ಹೊಸ ಅಲೆಯನ್ನು ಕುರಿತು ಬರೆದು ಅದಕ್ಕೊಂದು ಹೆಸರನ್ನು ರೂಢಿಗೆ ತಂದರು. ೧೯೮೧ರಲ್ಲಿ ಅದೇ ಪತ್ರಿಕೆಯ ಪುರವಣಿಯಾಗಿ ‘ಕೆರಾಂಗ್’ ಹುಟ್ಟಿತು. ಗಿಟಾರಿನ ತಂತಿಗಳನ್ನು ಒಮ್ಮೆಲೆ ಬಾರಿಸಿದಾಗ ಕೇಳುವ ಸದ್ದೇ ಪತ್ರಿಕೆಯ ಹೆಸರು! ಮುಂದೆ ಸ್ವತಂತ್ರ ಪತ್ರಿಕೆಯಾಗಿ ಬೆಳೆದು ೧೯೮೭ರಲ್ಲಿ ವಾರಕ್ಕೊಮ್ಮೆ ಬರತೊಡಗಿತು. ಅದರ ವಿಮರ್ಶಕರು ಆಲ್ಬಮ್ಮಿಗೆ ನಕ್ಷತ್ರಗಳ ಬದಲು ‘ಕೆ’ ಎಂಬ ಅಕ್ಷರಗಳನ್ನು ಕೊಡುತ್ತಿದ್ದರು. ಐದು ‘ಕೆ’ ಬಂದರೆ ಪ್ರಥಮ ದರ್ಜೆ.

ಆ ದಿನಗಳ ವಿಮರ್ಶೆಗೆ ಎಷ್ಟು ಬಲವಿತ್ತೆಂಬುದಕ್ಕೆ ನ್ಯೂಕ್ಯಾಸಲ್ಲಿನ ವೆನಮ್ ತಂಡವೇ ಸಾಕ್ಷಿ. ೧೯೮೧ರಲ್ಲಿ ಹೊರಬಂದ ಅವರ ಮೊದಲ ಆಲ್ಬಮ್ಮಿನ ಧ್ವನಿಮುದ್ರಣ ತೀರ ಕಳಪೆ. ಅದನ್ನು ಬಾರ್ಟನ್ ಮನಸಾರೆ ಹಾಸ್ಯ ಮಾಡಿದರು. ಹಾಸ್ಯ ಮಾಡಿದ ಅದೇ ಕೈಯಿಂದ ಐದು ನಕ್ಷತ್ರಗಳನ್ನೂ ಕೊಟ್ಟರು. ದೋಷವನ್ನು ಮುಚ್ಚಿಡದೆ, ಆ ದೋಷದೊಳಗೆ ಉರಿಯುತ್ತಿದ್ದ ಕಿಡಿಯನ್ನೂ ತೋರಿಸಿದ ವಿಮರ್ಶೆ ಅದು. ಮುಂದೆ ವೆನಮ್ ತಂಡವು ಒಂದು ಇಡೀ ಪಂಥಕ್ಕೆ ಮೂಲಪುರುಷರ ಪಟ್ಟವನ್ನು ಪಡೆಯಿತು.

ಅಂಚೆಯಲ್ಲಿ ಹರಿದ ಸಂಗೀತ

ದೊಡ್ಡ ಪತ್ರಿಕೆಗಳ ಮಾತು ಹೀಗಾದರೆ, ಅವುಗಳ ನೆರಳಿನಲ್ಲಿ ಇನ್ನೊಂದು ಲೋಕವಿತ್ತು. ಅಭಿಮಾನಿಗಳು ತಾವೇ ಬರೆದು, ಕೈಯಾರೆ ಜೋಡಿಸಿ, ಕೆಲವೇ ನೂರು ಪ್ರತಿಗಳನ್ನು ತೆಗೆದು ಹಂಚುತ್ತಿದ್ದ ಪುಟ್ಟ ಪತ್ರಿಕೆಗಳ ಲೋಕ ಅದು. ಒಬ್ಬನು ತನ್ನ ಕ್ಯಾಸೆಟ್ಟನ್ನು ನಕಲು ಮಾಡಿ ಅಂಚೆಗೆ ಹಾಕಿದರೆ, ಸಾವಿರಾರು ಮೈಲಿ ದೂರದ ಇನ್ನೊಬ್ಬನು ಅದಕ್ಕೆ ಬದಲಾಗಿ ತನ್ನದನ್ನು ಕಳುಹಿಸುತ್ತಿದ್ದನು. ಯಾವ ಕ್ಯಾಸೆಟ್ಟು ತರಿಸಿಕೊಳ್ಳಲು ಯೋಗ್ಯವೆಂಬುದನ್ನು ಈ ಪುಟ್ಟ ಪತ್ರಿಕೆಗಳ ವಿಮರ್ಶೆಗಳೇ ಹೇಳಬೇಕು.

ಕ್ಯಾಲಿಫೋರ್ನಿಯದ ರಾನ್ ಕ್ವಿಂಟಾನಾ ಎಂಬುವರು ಅಂಥ ಪತ್ರಿಕೆಯೊಂದನ್ನು ತೆರೆಯಲು ಹೊರಟು, ಅದಕ್ಕೆ ಯಾವ ಹೆಸರಿಡಲೆಂದು ಕೆಲವು ಹೆಸರುಗಳನ್ನು ಬರೆದಿಟ್ಟುಕೊಂಡು ಮಿತ್ರ ಲಾರ್ಸ್ ಉಲ್ರಿಚ್‌ಗೆ ತೋರಿಸಿದರು. ‘ಮೆಟಲ್ ಮೇನಿಯ’ ಎಂಬುದು ಚೆನ್ನಾಗಿದೆಯೆಂದು ಪತ್ರಿಕೆಗೆ ಸೂಚಿಸಿದ ಉಲ್ರಿಚ್, ಪಟ್ಟಿಯಲ್ಲಿದ್ದ ಇನ್ನೊಂದು ಹೆಸರನ್ನು ತನ್ನ ವಾದ್ಯತಂಡಕ್ಕೆ ಎತ್ತಿಕೊಂಡರು. ಆ ಹೆಸರೇ ‘ಮೆಟಾಲಿಕ’! ಜಗದ್ವಿಖ್ಯಾತವಾದ ಈ ತಂಡದ ಹೆಸರು ಮೊದಲು ವಿಮರ್ಶೆಯ ಪತ್ರಿಕೆಯೊಂದಕ್ಕೆಂದು ಯೋಚಿಸಿದ್ದು ಎಂಬುದನ್ನು ಎಷ್ಟು ಅಭಿಮಾನಿಗಳು ಬಲ್ಲರೋ!

ಅವರ ಹಾಡೊಂದು ಮೊದಲು ತಟ್ಟೆಗೇರಿದ್ದೂ ಒಬ್ಬ ಅಭಿಮಾನಿಯ ಕೈಯಿಂದಲೇ. ಇಂಥದೇ ಇನ್ನೊಂದು ಪುಟ್ಟ ಪತ್ರಿಕೆಯನ್ನು ನಡೆಸುತ್ತಿದ್ದ ಬ್ರಯನ್ ಸ್ಲೇಗಲ್ ಅವರು ೧೯೮೨ರಲ್ಲಿ ಹೊರತಂದ ‘ಮೆಟಲ್ ಮ್ಯಾಸಕರ್’ ಎಂಬ ಸಂಕಲನದಲ್ಲಿ ಅದು ಸೇರಿತ್ತು. ಬರೆಯುವವನೂ, ಕೇಳುವವನೂ, ನುಡಿಸುವವನೂ ಒಂದೇ ಜಗಲಿಯ ಮೇಲೆ ಕುಳಿತಿದ್ದ ಕಾಲವದು.

ಅಂಗೈ ಹುಣ್ಣಿಗೆ ಕನ್ನಡಿ?

ಈ ಜಗಲಿಯನ್ನು ಗಣಕಯಂತ್ರವು ಕದಲಿಸಿತು. ೧೯೯೯ರಲ್ಲಿ ಆರಂಭವಾದ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆಯಿಂದ ಜನರು ಹಾಡುಗಳನ್ನು ಬಿಡಿಕಾಸಿಲ್ಲದೆ ಹಂಚಿಕೊಳ್ಳತೊಡಗಿದರು. ೨೦೦೦ದಲ್ಲಿ ಮೆಟಾಲಿಕ ತಂಡವು ಅದರ ಮೇಲೆ ನ್ಯಾಯಾಲಯಕ್ಕೆ ಹೋಯಿತು. ಒಂದು ಕಾಲಕ್ಕೆ ಕ್ಯಾಸೆಟ್ಟುಗಳ ವಿನಿಮಯದಿಂದಲೇ ಹೆಸರು ಗಳಿಸಿದ್ದ ತಂಡವು ಹೀಗೆ ಮಾಡಬಹುದೇ ಎಂದು ಅಭಿಮಾನಿಗಳಲ್ಲೇ ಅನೇಕರು ಮುನಿದರು. ಬಳಿಕ ಯೂಟ್ಯೂಬ್ ಬಂದಿತು, ಸ್ಪಾಟಿಫೈ ಬಂದಿತು. ೨೦೧೫ರ ಜುಲೈಯಿಂದ ಅನೇಕ ದೇಶಗಳಲ್ಲಿ ಹೊಸ ಆಲ್ಬಮ್‌ಗಳೆಲ್ಲ ಒಂದೇ ವಾರ, ಅಂದರೆ ಶುಕ್ರವಾರ, ಬಿಡುಗಡೆಯಾಗತೊಡಗಿದವು. ಮಧ್ಯರಾತ್ರಿ ಕಳೆದರೆ ಬರ್ಮಿಂಗ್‌ಹ್ಯಾಮಿನ ಹುಡುಗನಿಗೂ ಬಸವನಗುಡಿಯ ಹುಡುಗನಿಗೂ ಅದು ಕೈಗೆ ಸಿಕ್ಕಿತು.

ಹಾಗಾದರೆ ಅಂಗೈ ಹುಣ್ಣಿಗೆ ಕನ್ನಡಿ ಏಕೆ? ತಾನೇ ಕೇಳಬಲ್ಲವನು ಇನ್ನೊಬ್ಬರು ಕೇಳಿ ಬರೆದುದನ್ನು ಏಕೆ ಓದಬೇಕು? ಹಣದ ಚೀಲವನ್ನು ಕಾಯುವ ವಿಮರ್ಶಕನ ಕೆಲಸ ಇಲ್ಲಿಗೆ ಮುಗಿಯಿತು ಎಂಬುದರಲ್ಲಿ ಸಂದೇಹವಿಲ್ಲ. ಕಾಯಲು ಚೀಲವೇ ಉಳಿಯಲಿಲ್ಲ.

ಅಭಿಮಾನಿಯೇ ವಿಮರ್ಶಕ

ಆದರೆ ಒಂದು ವಿಚಿತ್ರ ಸಂಗತಿ ನಡೆಯಿತು. ವಿಮರ್ಶೆಯ ಅಗತ್ಯ ತೀರಿತೆಂದು ಎಲ್ಲರೂ ಭಾವಿಸಿದ ಹೊತ್ತಿಗೇ ವಿಮರ್ಶೆ ಬರೆಯುವವರ ಸಂಖ್ಯೆ ಬೆಳೆಯಿತು. ೨೦೦೨ರಲ್ಲಿ ಕೆನಡದ ಇಬ್ಬರು ಅಭಿಮಾನಿಗಳು ‘ಎನ್‌ಸೈಕ್ಲೋಪೀಡಿಯಾ ಮೆಟಾಲಮ್’ ಎಂಬ ಕೋಶವನ್ನು ಅಂತರಜಾಲದಲ್ಲಿ ತೆರೆದರು. ಇಂದು ಅದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ತಂಡಗಳ ವಿವರಗಳಿವೆ. ಸಾಮಾನ್ಯ ಕೇಳುಗರು ಅಲ್ಲಿ ಆಲ್ಬಮ್‌ಗಳನ್ನು ವಿವರವಾಗಿ ವಿಮರ್ಶಿಸಿ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. ಯಾರಿಗೂ ಸಂಭಾವನೆಯಿಲ್ಲ, ಬರೆಯದೆ ಇರಲಾರದವರು ಬರೆಯುತ್ತಾರೆ.

ಕಿವಿ ಪಳಗಿದ ಅಭಿಮಾನಿ ಕೆಲವೊಮ್ಮೆ ವೃತ್ತಿಯ ವಿಮರ್ಶಕನನ್ನೂ ಮೀರಿಸಬಲ್ಲನು. ೨೦೦೮ರಲ್ಲಿ ಮೆಟಾಲಿಕದ ‘ಡೆತ್ ಮ್ಯಾಗ್ನೆಟಿಕ್’ ಹೊರಬಂದಾಗ ಪತ್ರಿಕೆಗಳು ಬಹುಮಟ್ಟಿಗೆ ಹೊಗಳಿದವು. ಆದರೆ ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ಆಟದಲ್ಲಿಯೂ ಸೇರಿದ್ದವು. ಎರಡನ್ನೂ ಹೋಲಿಸಿ ಕೇಳಿದ ಅಭಿಮಾನಿಗಳು ಆಟದಲ್ಲಿಯ ಧ್ವನಿಯೇ ಸ್ವಚ್ಛವಾಗಿದೆ, ಆಲ್ಬಮ್ಮಿನಲ್ಲಿ ಸದ್ದನ್ನು ಅತಿಯಾಗಿ ಏರಿಸಿ ನಾದದ ಏರಿಳಿತವನ್ನೇ ಅಳಿಸಿಹಾಕಿದ್ದಾರೆ ಎಂದು ಕಂಡುಹಿಡಿದರು. ಮತ್ತೊಮ್ಮೆ ಸರಿಯಾಗಿ ಸಿದ್ಧಪಡಿಸಿ ಕೊಡಿರೆಂದು ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಸದ್ದೇ ಸಂಗೀತವೆಂದು ನಂಬಿದವರೆಂದು ಲೋಕವು ಯಾರನ್ನು ಹಾಸ್ಯ ಮಾಡುತ್ತಿತ್ತೋ, ಅವರೇ ಸದ್ದು ಹೆಚ್ಚಾಯಿತೆಂದು ದೂರಿದರು!

ಅಭಿಮಾನಿಯ ವಿಮರ್ಶೆಗೂ ಕೊರತೆಗಳುಂಟು. ಮೆಚ್ಚಿದರೆ ನೂರಕ್ಕೆ ನೂರು, ಮುನಿದರೆ ಸೊನ್ನೆ. ಹಳೆಯ ತಂಡದ ಮೇಲಿನ ಮೋಹ ಹೊಸಬರಿಗೆ ಬಾಗಿಲು ತೆರೆಯಲು ಬಿಡುವುದಿಲ್ಲ. ಒಂದು ಆಲ್ಬಮ್ಮಿಗೆ ಐವತ್ತು ಅಭಿಪ್ರಾಯಗಳು ದೊರೆತಾಗ, ಯಾವುದನ್ನು ನಂಬಬೇಕೆಂದು ಹೇಳಲು ಮತ್ತೊಬ್ಬ ವಿಮರ್ಶಕನೇ ಬೇಕಾಗುತ್ತಾನೆ.

ಬೆಂಗಳೂರಿನ ಪಾಲು

ಈ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. ೧೯೯೩ರಲ್ಲಿ ಅಮಿತ್ ಸೈಗಲ್ ಅವರು ಅಲಹಾಬಾದಿನಿಂದ ಆರಂಭಿಸಿದ ‘ರಾಕ್ ಸ್ಟ್ರೀಟ್ ಜರ್ನಲ್’ ದೇಶದ ನಾನಾ ಊರುಗಳಲ್ಲಿ ಒಂಟಿಯಾಗಿದ್ದ ಅಭಿಮಾನಿಗಳನ್ನು ಒಂದು ಗೂಡಿಗೆ ತಂದಿತು. ಬೆಂಗಳೂರಂತೂ ಈ ಸಂಗೀತಕ್ಕೆ ತವರಾಯಿತು. ೨೦೦೭ರ ಮಾರ್ಚ್ ೧೭ರಂದು ಐರನ್ ಮೇಡನ್ ತಂಡವೂ, ೨೦೧೧ರ ಅಕ್ಟೋಬರ್ ೩೦ರಂದು ಮೆಟಾಲಿಕವೂ ಅರಮನೆ ಮೈದಾನದಲ್ಲಿ ನುಡಿಸಿದಾಗ ದೇಶದ ಮೂಲೆ ಮೂಲೆಗಳಿಂದ ತರುಣರು ಬಂದು ನೆರೆದರು.

ಇಲ್ಲಿಯ ತಂಡಗಳೂ ಹೊರಗೆ ಹೋಗಿವೆ. ೧೯೯೮ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡವು ೨೦೧೩ರಲ್ಲಿ ಜರ್ಮನಿಯ ವಾಕನ್ ಗ್ರಾಮದ ಪ್ರಸಿದ್ಧ ಉತ್ಸವದಲ್ಲಿ ನುಡಿಸಿತು. ಮುಂದೆ ಜರ್ಮನಿಯದೇ ಒಂದು ಸಂಸ್ಥೆ ಅವರ ಆಲ್ಬಮ್‌ಗಳನ್ನು ಹೊರತಂದಿತು. ಇಂಥ ತಂಡದ ದೃಷ್ಟಿಯಿಂದ ವಿಮರ್ಶೆಯನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಮೆಟಾಲಿಕ ತಂಡಕ್ಕೆ ವಿಮರ್ಶೆ ಬೇಕಿಲ್ಲ. ಹೊಗಳಿದರೂ ತೆಗಳಿದರೂ ಜನ ಕೇಳಿಯೇ ಕೇಳುತ್ತಾರೆ. ಆದರೆ ದಿನವೊಂದಕ್ಕೆ ಸಾವಿರಾರು ಹೊಸ ಹಾಡುಗಳು ಬಂದು ಬೀಳುವ ಈ ಕಾಲದಲ್ಲಿ, ಬೆಂಗಳೂರಿನ ನಾಲ್ವರು ಹುಡುಗರ ಆಲ್ಬಮ್ಮನ್ನು ಹ್ಯಾಂಬರ್ಗಿನ ಅಪರಿಚಿತ ಕೇಳುಗನೊಬ್ಬನು ಹುಡುಕಿ ತೆಗೆಯಬೇಕಾದರೆ, ಅದನ್ನು ಪೂರ್ತಿಯಾಗಿ ಕೇಳಿ, ಇಲ್ಲಿ ಇಂಥದೊಂದು ಇದೆಯೆಂದು ಬೊಟ್ಟು ಮಾಡಿ ತೋರಿಸುವವರು ಬೇಕು. ಯಂತ್ರವೂ ತೋರಿಸುತ್ತದೆ, ನಿಜ. ಆದರೆ ಹಿಂದೆ ಮೆಚ್ಚಿದುದನ್ನೇ ಹೋಲುವುದನ್ನು ತಂದಿಡುವುದು ಅದರ ರೀತಿ. ಏಕೆ ಕೇಳಬೇಕೆಂಬ ಕಾರಣವನ್ನು ಅದು ಕೊಡುವುದಿಲ್ಲ.

ಕಛೇರಿಯ ಮರುದಿನ

ಸಂಗೀತ ಕಛೇರಿಗೆ ಹೋಗಿ ಬಂದ ರಸಿಕನು ಮುಂದಿನ ವಾರದ ಪತ್ರಿಕೆಯಲ್ಲಿ ಆ ಕಛೇರಿಯ ವಿಮರ್ಶೆಯನ್ನು ಹುಡುಕಿ ಓದುವುದನ್ನು ಯಾರು ಕಂಡಿಲ್ಲ? ಆತನು ಟಿಕೆಟ್ಟು ಕೊಂಡಾಗಿದೆ, ತೋಡಿ ರಾಗವನ್ನು ಕೇಳಿಯಾಗಿದೆ. ಆದರೂ ಓದುತ್ತಾನೆ. ತನಗೆ ಆನಂದ ಕೊಟ್ಟ ಆ ಸಂಗತಿ ಬೇರೆಯವರ ಕಿವಿಗೂ ಬಿದ್ದಿತೇ? ತನಗೆ ಸಪ್ಪೆಯೆನಿಸಿದ ತನಿ ಆವರ್ತನ ನಿಜವಾಗಿಯೂ ಸಪ್ಪೆಯೇ, ಅಥವಾ ತನ್ನ ಗಮನವೇ ಬೇರೆಡೆ ಹೋಗಿತ್ತೇ? ಆತನಿಗೆ ಬೇಕಾದುದು ತೀರ್ಪಲ್ಲ. ಜೊತೆಗೆ ಕುಳಿತು ಕೇಳಿದ ಇನ್ನೊಂದು ಕಿವಿ.

ಹೆವಿ ಮೆಟಲ್ಲಿನ ಅಭಿಮಾನಿಯೂ ಈಗ ಅಲ್ಲಿಗೇ ಬಂದು ನಿಂತಿದ್ದಾನೆ. ಮೊದಲು ಓದಿ ಆಮೇಲೆ ಕೇಳುತ್ತಿದ್ದವನು ಈಗ ಮೊದಲು ಕೇಳಿ ಆಮೇಲೆ ಓದುತ್ತಾನೆ. ಆದುದರಿಂದ ಅಂಕಗಳಿಗೆ ಬೆಲೆ ಇಳಿದಿದೆ, ಕಾರಣಗಳಿಗೆ ಬೆಲೆ ಏರಿದೆ. ಕಾರಣ ಕೊಟ್ಟು ಬರೆದ ವಿಮರ್ಶೆ ತಪ್ಪಾದರೂ ವ್ಯರ್ಥವಾಗದು, ಅದರೊಡನೆ ವಾದಿಸಬಹುದು. ಲೆಸ್ಟರ್ ಬ್ಯಾಂಗ್ಸ್ ಅವರೇ ಎರಡು ವರ್ಷಗಳ ಬಳಿಕ ಬೇರೊಂದು ಪತ್ರಿಕೆಯಲ್ಲಿ ಬ್ಲ್ಯಾಕ್ ಸಬ್ಬತ್ ತಂಡವನ್ನು ಕುರಿತು ಸಹಾನುಭೂತಿಯ ದೀರ್ಘ ಲೇಖನವನ್ನು ಬರೆದರು.

ಬೆಲೆ ಕಟ್ಟುವವರು ಯಾರು?

ಉಳಿದಿರುವ ಪ್ರಶ್ನೆ ಅನ್ನದ್ದು. ಶ್ರದ್ಧೆಯಿಂದ ಕೇಳಿ, ಯೋಚಿಸಿ ಬರೆಯುವುದು ಬಿಡುವಿನ ವೇಳೆಯ ಕೆಲಸವಷ್ಟೇ ಆದರೆ ಎಷ್ಟು ಕಾಲ ನಡೆದೀತು? ಇಂಗ್ಲೆಂಡಿನ ‘ಟೆರರೈಸರ್’ ೨೦೧೮ರಲ್ಲಿ ಕಣ್ಣು ಮುಚ್ಚಿತು. ‘ಕೆರಾಂಗ್’ ವಾರಪತ್ರಿಕೆ ೨೦೨೦ರ ಸಾಂಕ್ರಾಮಿಕದ ಹೊತ್ತಿನಲ್ಲಿ ನಿಂತಿತು. ‘ಮೆಟಲ್ ಹ್ಯಾಮರ್’ ಮತ್ತು ಅದರ ಸೋದರ ಪತ್ರಿಕೆಗಳದು ಇನ್ನೂ ಮನಮುಟ್ಟುವ ಕಥೆ. ೨೦೧೩ರಲ್ಲಿ ಫ್ಯೂಚರ್ ಸಂಸ್ಥೆಯು ಅವುಗಳನ್ನು ಟೀಮ್‌ರಾಕ್ ಎಂಬ ಸಂಸ್ಥೆಗೆ ಒಂದು ಕೋಟಿ ಎರಡು ಲಕ್ಷ ಪೌಂಡುಗಳಿಗೆ ಮಾರಿತ್ತು. ೨೦೧೬ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಕೆಲವೇ ದಿನಗಳಿರುವಾಗ, ಟೀಮ್‌ರಾಕ್ ದಿವಾಳಿಯ ಅಂಚಿಗೆ ಬಂದು ೭೩ ಮಂದಿ ಕೆಲಸ ಕಳೆದುಕೊಂಡರು. ಮರು ತಿಂಗಳು ಫ್ಯೂಚರ್ ಸಂಸ್ಥೆ ಆ ಪತ್ರಿಕೆಗಳನ್ನು ಮರಳಿ ಕೊಂಡಿತು. ತೆತ್ತ ಬೆಲೆ ಎಂಟು ಲಕ್ಷ ಪೌಂಡು ಮಾತ್ರ.

ಪೇಟೆಯು ಕಟ್ಟಿದ ಬೆಲೆ ಅದು. ಅಭಿಮಾನಿಗಳು ಕಟ್ಟಿದ ಬೆಲೆ ಬೇರೆ. ಕೆಲಸ ಹೋದ ಸುದ್ದಿ ಹರಡಿದೊಡನೆ ಆರೆಂಜ್ ಗಾಬ್ಲಿನ್ ತಂಡದ ಗಾಯಕ ಬೆನ್ ವಾರ್ಡ್ ಅವರು ಆ ಸಿಬ್ಬಂದಿಗಾಗಿ ಒಂದು ನಿಧಿಯನ್ನು ತೆರೆದರು. ಕೂಡಿಸಬೇಕೆಂದುಕೊಂಡಿದ್ದು ೨೦ ಸಾವಿರ ಪೌಂಡು. ಕೂಡಿಬಂದುದು ೭೦ ಸಾವಿರಕ್ಕೂ ಹೆಚ್ಚು. ವಿಮರ್ಶಕರಿಂದ ಹೊಗಳಿಸಿಕೊಂಡವರೂ ಬೈಸಿಕೊಂಡವರೂ, ವಾರವಾರವೂ ಅವರೊಡನೆ ಮನಸ್ಸಿನಲ್ಲೇ ಜಗಳವಾಡುತ್ತಿದ್ದ ಓದುಗರೂ ತಮ್ಮ ಹಣವನ್ನು ಕಳುಹಿಸಿದರು. ಆಲ್ಬಮ್ ಕೊಳ್ಳಲು ಸಲಹೆ ಬೇಕೆಂದು ಯಾರೂ ಅದನ್ನು ಕೊಡಲಿಲ್ಲ. ಆ ಹೊತ್ತಿಗೆ ಹಾಡುಗಳೆಲ್ಲ ಅವರ ಕೈಯಲ್ಲೇ ಇದ್ದವು.